ನಾಗಾಲೋಟಕ್ಕೆ ಮುನ್ನ: ಓಟದ ನಾಯಿಗಳ ದೇಹ ಕಟ್ಟುವ ಕ್ರಮ

ಮಾನ್ಯ ಅಧ್ಯಕ್ಷರೆ, ವೇದಿಕೆಯ ಮೇಲಿರುವ ಹಿರಿಯರೆ, ಉಮದಿ, ಸಂಖ, ಮಾಡಗ್ಯಾಳದ ಕಡೆಯಿಂದ ಬಂದಿರುವ ಕುರಿಗಾಹಿ ಬಂಧುಗಳೆ, ನಾಯಿ ಸಾಕುವ ತರುಣ ಮಿತ್ರರೆ,

ಮಹಾರಾಷ್ಟ್ರದ ಜತ್ತ ತಾಲೂಕಿನ ಈ ಪೂರ್ವ ಭಾಗದಲ್ಲಿ ಮಾಡಗ್ಯಾಳ ಕುರಿಯ ಹಿಂಡು ಎಲ್ಲಿದೆಯೋ ಅದರ ಆಸುಪಾಸಿನಲ್ಲಿ ಒಂದಾದರೂ ಕಾರವಾನಿ ನಾಯಿ ಇರುತ್ತದೆ. ಗಡಿಯಾಚೆ ಬಾಗಲಕೋಟೆಯ ಕಡೆಯವರು ಮುಧೋಳ ನಾಯಿ ಎಂದು ಸಾಕುತ್ತಿರುವುದೂ ಇದೇ ಕುಲದ ನಾಯಿಯನ್ನೇ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. 2016ರಲ್ಲಿ ಭಾರತೀಯ ಸೇನೆ ಮುಧೋಳದ ಮರಿಗಳನ್ನು ಮೀರತ್‌ನ ತನ್ನ ಕೇಂದ್ರಕ್ಕೆ ತರಬೇತಿಗಾಗಿ ಒಯ್ದಿತು. ತಳಿಗೆ ಮನ್ನಣೆ ಬಂದಿದೆ, ಮರಿಗಳಿಗೆ ಬೆಲೆಯೂ ಬಂದಿದೆ. ಆದರೆ ಆರು ದಿನ ಗೂಟಕ್ಕೆ ಕಟ್ಟಿಹಾಕಿ ಏಳನೆಯ ದಿನ ಕೊರಳ ಹಗ್ಗ ಬಿಚ್ಚಿ ಮಡ್ಡಿಯ, ಅಂದರೆ ಬರಡು ದಿಬ್ಬದ, ಮೇಲೆ ಮನಬಂದಂತೆ ಓಡಿಸುವ ರೂಢಿ ಮಾತ್ರ ಅನೇಕ ಕಡೆ ಹಾಗೆಯೇ ಉಳಿದಿದೆ. ಸ್ನಾಯು ಹರಿದು, ಕಾಲು ಉಳುಕಿ, ಬಿಸಿಲಿಗೆ ಕುಸಿದು ಎರಡು ಮೂರು ವರ್ಷದ ಒಳ್ಳೆಯ ನಾಯಿಗಳು ಕೆಲಸಕ್ಕೆ ಬಾರದಂತಾಗಲು ಈ ರೂಢಿಯೇ ಬಹುಮಟ್ಟಿಗೆ ಕಾರಣವೆಂದು ನಾನು ನಂಬಿದ್ದೇನೆ.

ಓಟದ ನಾಯಿಯ ದೇಹ ಗಟ್ಟಿಯಾಗುವುದು ದಿನನಿತ್ಯದ ನಡಿಗೆಯಲ್ಲಿ ಮತ್ತು ಓಟದ ಮರುದಿನದ ವಿಶ್ರಾಂತಿಯಲ್ಲಿ. ಇಂದು ನಾನು ಒತ್ತಿ ಹೇಳಬೇಕೆಂದಿರುವ ಮಾತು ಇದೊಂದೇ. ಉಳಿದದ್ದೆಲ್ಲ ಅದರ ವಿವರಣೆ.

ಮೊದಲು ಈ ಪ್ರಾಣಿಯ ದೇಹರಚನೆಯನ್ನು ನೋಡೋಣ. ಇದು ಮೂಗಿಗಿಂತ ಕಣ್ಣನ್ನು ನಂಬಿ ಬೆನ್ನಟ್ಟುವ ನಾಯಿ. ನಾಗಾಲೋಟದಲ್ಲಿ ಒಂದು ಸುತ್ತು ಹೆಜ್ಜೆ ಮುಗಿಯುವಷ್ಟರಲ್ಲಿ ಇದರ ನಾಲ್ಕೂ ಪಾದಗಳು ಎರಡು ಬಾರಿ ನೆಲ ಬಿಟ್ಟಿರುತ್ತವೆ: ಒಮ್ಮೆ ಕಾಲುಗಳೆಲ್ಲ ಹೊಟ್ಟೆಯ ಕೆಳಗೆ ಮಡಿಸಿಕೊಂಡಾಗ, ಇನ್ನೊಮ್ಮೆ ಮುಂದಕ್ಕೂ ಹಿಂದಕ್ಕೂ ಪೂರ್ತಿ ಚಾಚಿಕೊಂಡಾಗ. ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುವ ಈ ಓಟದಲ್ಲಿ ತೊಡೆ, ಸೊಂಟ ಮತ್ತು ಬೆನ್ನಿನ ಸ್ನಾಯುಗಳ ಮೇಲೆ ಬೀಳುವ ಒತ್ತಡ ಬಹಳ. ಇಂಥ ಓಟಕ್ಕೆ ಬೇಕಾದ ಶಕ್ತಿಯ ಬಹುಪಾಲು ಸ್ನಾಯುವಿನಲ್ಲೇ ಕೂಡಿಟ್ಟ ಸಕ್ಕರೆಯಿಂದ, ಆಮ್ಲಜನಕದ ನೆರವಿಲ್ಲದೆ, ಕೆಲವೇ ಸೆಕೆಂಡುಗಳಲ್ಲಿ ಹೊರಬರುತ್ತದೆ. ಆದ್ದರಿಂದಲೇ ಅರ್ಧ ನಿಮಿಷದ ಪೂರ್ಣ ಓಟ ಈ ನಾಯಿಗೆ ಬಹು ದೊಡ್ಡ ದುಡಿಮೆ. ಇದೇ ಗುಂಪಿಗೆ ಸೇರಿದ ಗ್ರೇಹೌಂಡ್ ನಾಯಿಗಳ ಓಟದ ಸ್ಪರ್ಧೆಗಳು ಸಾಮಾನ್ಯವಾಗಿ 300ರಿಂದ 500 ಮೀಟರ್‌ಗಳಷ್ಟೇ ಇರುವುದೂ ಇದಕ್ಕಾಗಿಯೇ. ಕಿಲೋಮೀಟರುಗಟ್ಟಲೆ ಬೈಕಿನ ಹಿಂದೆ ಓಡಿಸಿದರೆ ನಾಯಿ ಚುರುಕಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಕಣ್ಣೆದುರು ಓಡುವ ವಸ್ತು ಇರುವವರೆಗೆ ಈ ನಾಯಿ ದಣಿವನ್ನು ಲೆಕ್ಕಿಸುವುದಿಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಅದು ತೀರ್ಮಾನಿಸಲಾರದು. ಆ ಹೊಣೆ ಒಡೆಯನದು.

ಹೋರಿಗೆ ನೊಗ ಹೊರುವ ಅಭ್ಯಾಸ ಮಾಡಿಸದೆ ನೇರವಾಗಿ ನೇಗಿಲಿಗೆ ಹೂಡುವ ರೈತ ನಮ್ಮಲ್ಲಿ ಯಾರೂ ಇಲ್ಲ. ನಾಯಿಯ ವಿಷಯದಲ್ಲೂ ಅದೇ ತಾಳ್ಮೆ ಬೇಕು. ಮಳೆಗಾಲವೆಲ್ಲ ಸುಮ್ಮನೆ ಮಲಗಿದ್ದ ನಾಯಿಯನ್ನು ದೀಪಾವಳಿಯ ನಂತರ ಹಿಂಡಿನ ಜೊತೆ ದೂರ ಹೊರಡಿಸಬೇಕಾದರೆ, ಅದಕ್ಕಿಂತ ಎಂಟು ಹತ್ತು ವಾರ ಮೊದಲೇ ಸಿದ್ಧತೆ ಆರಂಭವಾಗಬೇಕು. ಮೊದಲ ಮೂರು ವಾರ ಹಗ್ಗ ಹಿಡಿದು ನಡೆಸುವುದಷ್ಟೇ ಸಾಕು; ಅರ್ಧ ಗಂಟೆಯಿಂದ ಆರಂಭಿಸಿ ಮೆಲ್ಲಗೆ ಒಂದು ಗಂಟೆಯವರೆಗೆ ಏರಿಸಬಹುದು. ಆಮೇಲೆ ನಡಿಗೆಯ ನಡುನಡುವೆ ಹದವಾದ ಸಣ್ಣ ಓಟ ಸೇರಲಿ. ಮಡ್ಡಿಯ ಇಳಿಜಾರನ್ನು ನಿಧಾನವಾಗಿ ಹತ್ತಿಸುವುದು ಹಿಂಗಾಲಿನ ಬಲಕ್ಕೆ ಬಹಳ ಒಳ್ಳೆಯದು. ನಾನು ಹೆಚ್ಚು ಬೆಲೆ ಕೊಡುವ ವ್ಯಾಯಾಮ ಇದೇ, ಏಕೆಂದರೆ ವೇಗವಿಲ್ಲದೆಯೇ ತೊಡೆ ತುಂಬಿಕೊಳ್ಳುತ್ತದೆ, ಪೆಟ್ಟಿನ ಭಯವೂ ಕಡಿಮೆ. ನಾಗಾಲೋಟಕ್ಕೆ ಅವಕಾಶ ಆರನೆಯ ವಾರದ ಆಚೆಗೆ. ಹಗ್ಗದ ತುದಿಗೆ ಕಟ್ಟಿ ಎಳೆದ ಬಟ್ಟೆಯ ಚಿಂದಿಯ ಹಿಂದೆ 150ರಿಂದ 200 ಮೀಟರ್, ಎರಡು ಮೂರು ಸಲ, ಪ್ರತಿ ಓಟದ ನಡುವೆ ಉಸಿರು ಪೂರ್ತಿ ಹದಕ್ಕೆ ಬರುವಷ್ಟು ಬಿಡುವು. ಇದು ವಾರಕ್ಕೆ ಎರಡು ದಿನ ನಡೆದರೆ ಧಾರಾಳವಾಯಿತು. ಎರಡು ಓಟದ ದಿನಗಳ ನಡುವೆ ಕನಿಷ್ಠ ಎರಡು ದಿನ ನಡಿಗೆ ಮಾತ್ರ ಇರಬೇಕು, ಏಕೆಂದರೆ ಓಟದಲ್ಲಿ ಸವೆದ ಸ್ನಾಯುವಿನ ಎಳೆಗಳು ಮತ್ತೆ ಕೂಡಿಕೊಂಡು ಮೊದಲಿಗಿಂತ ಬಲವಾಗುವುದು ಆ ಬಿಡುವಿನಲ್ಲೇ.

ಚಿಂದಿಯ ಬದಲು ಜೀವಂತ ಮೊಲವನ್ನು ಬೆನ್ನಟ್ಟಿಸಬಾರದೇಕೆ ಎಂದು ಕೇಳುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಾಯಿ ಬಿಟ್ಟು ಮೊಲ, ಚಿಗರಿ ಹಿಡಿಸುವುದು ಅಪರಾಧ. ತೋಳವೂ ಅದೇ ಕಾಯ್ದೆಯ ರಕ್ಷಣೆಯಲ್ಲಿದೆ. ಹಿಂಡಿನ ಹತ್ತಿರ ಸುಳಿದ ತೋಳವನ್ನು ದೂರ ಅಟ್ಟಿ, ಕರೆದೊಡನೆ ಹಿಂದಿರುಗುವ ನಾಯಿಯೇ ಕುರಿಗಾಹಿಗೆ ಬೇಕಾದ ನಾಯಿ. ಆದ್ದರಿಂದ ಕರೆದಾಗ ಬರುವ ಪಾಠವನ್ನೂ ನಡಿಗೆಯ ವಾರಗಳಲ್ಲೇ ಕಲಿಸಬೇಕು.

ಬಿಸಿಲಿನ ವಿಷಯವನ್ನು ಸ್ವಲ್ಪ ದೀರ್ಘವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಸೀಮೆಯಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುವುದೇ ಮೈ ತಂಪು ಮಾಡಿಕೊಳ್ಳಲು ಅದಕ್ಕಿರುವ ಮುಖ್ಯ ದಾರಿ. ನಾಗಾಲೋಟದಲ್ಲಿ ಉಸಿರು ಹೆಜ್ಜೆಗೆ ಕಟ್ಟುಬಿದ್ದಿರುತ್ತದೆ, ಒಂದು ನೆಗೆತಕ್ಕೆ ಒಂದು ಉಸಿರು, ಆಗ ಮನಸಾರೆ ತೇಕಲು ಆಗುವುದಿಲ್ಲ. ಹೀಗಾಗಿ ಓಟ ನಿಂತ ನಂತರವೂ ಕೆಲವು ನಿಮಿಷ ಮೈಶಾಖ ಏರುತ್ತಲೇ ಇರುತ್ತದೆ. ಆರೋಗ್ಯವಂತ ನಾಯಿಯ ಮೈಶಾಖ 38.3ರಿಂದ 39.2 ಡಿಗ್ರಿ, ಕಠಿಣ ಓಟದ ನಂತರ ಅದು 41ರ ಸಮೀಪ ಹೋಗಬಹುದು. ನೆರಳಿನಲ್ಲಿ ಹತ್ತು ನಿಮಿಷ ಮೆಲ್ಲಗೆ ನಡೆಸಿದ ಮೇಲೂ ತೇಕು ತಗ್ಗದಿದ್ದರೆ, ಒಸಡು ಇಟ್ಟಿಗೆಯಂತೆ ಕೆಂಪಾಗಿದ್ದರೆ, ಹಿಂಗಾಲು ತೂರಾಡಿದರೆ ಅದು ಪ್ರಾಣಾಪಾಯದ ಸೂಚನೆ. ಕೂಡಲೇ ಬೋರಿನ ನೀರನ್ನೋ ತೊಟ್ಟಿಯ ನೀರನ್ನೋ ಮೈ ತುಂಬ ಸುರಿಯುತ್ತ, ಗಾಳಿ ಹಾಕುತ್ತ ತಂಪು ಮಾಡಬೇಕು. ವೈದ್ಯರ ಬಳಿಗೆ ಹೊರಡುವುದು ಅದರ ನಂತರ. ತಣ್ಣೀರು ಹಾಕಿದರೆ ನಾಯಿ ಸತ್ತೀತೆಂದು ಹಿಂಜರಿಯುವವರು ಇದ್ದಾರೆ. ಆ ಹಿಂಜರಿಕೆಯಲ್ಲಿ ಕಳೆದುಹೋಗುವ ನಿಮಿಷಗಳೇ ನಾಯಿಯ ಜೀವ ತೆಗೆಯುತ್ತವೆ. ಒದ್ದೆ ಗೋಣಿಚೀಲ ಹೊದಿಸಿ ಹಾಗೆಯೇ ಬಿಡಬೇಡಿರಿ, ಅದು ಬೇಗ ಬೆಚ್ಚಗಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಎಲ್ಲ ವ್ಯಾಯಾಮವೂ ಹೊತ್ತು ಏರುವ ಮೊದಲೇ ಮುಗಿದಿರಬೇಕು.

ಪ್ರತಿ ಓಟದ ನಂತರ ಮಾಡಲೇಬೇಕಾದ ಕೆಲಸ ಪಾದದ ಪರೀಕ್ಷೆ. ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಒಂದೊಂದೇ ಪಾದವನ್ನು ಅಂಗೈಯಲ್ಲಿಟ್ಟುಕೊಂಡು, ಬೆರಳುಗಳನ್ನು ಬಿಡಿಸಿ ನಡುವಿನ ತೆಳುಚರ್ಮವನ್ನು ಬೆಳಕಿಗೆ ಹಿಡಿದು ನೋಡಬೇಕು. ಕೊಯ್ಲಾದ ಜೋಳದ ಹೊಲದ ಕೂಳೆ ಅಲ್ಲಿಯೇ ಚುಚ್ಚಿಕೊಂಡು ಮುರಿದಿರುತ್ತದೆ. ಮೇಲೆ ರಕ್ತ ಕಾಣದಿದ್ದರೂ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ನಾಯಿ ಕಾಲು ಸೆಳೆದುಕೊಳ್ಳುತ್ತದೆ. ಬೆರಳ ಗೆಣ್ಣನ್ನು ಒಂದೊಂದಾಗಿ ಮಡಿಸಿ ಬಿಡಿಸಿ, ಎಡಗಾಲಿನದನ್ನು ಬಲಗಾಲಿನದರೊಂದಿಗೆ ಹೋಲಿಸಿ ಊತವನ್ನು ಕಂಡುಕೊಳ್ಳಬೇಕು. ಬಳಿಕ ಎರಡೂ ಕೈಗಳನ್ನು ಎರಡು ತೊಡೆಗಳ ಮೇಲೆ ಒಮ್ಮೆಗೇ ಇಳಿಸುತ್ತ ಬಂದರೆ ಒಂದು ಕಡೆಯ ಬಿಸಿ, ಗಂಟು ಅಥವಾ ತಗ್ಗು ಕೂಡಲೇ ತಿಳಿಯುತ್ತದೆ. ನೆಲದ ಆಯ್ಕೆಗೂ ಇಷ್ಟೇ ಮಹತ್ವವಿದೆ. ಬಿರುಕು ಬಿಟ್ಟ ಎರೆಹೊಲದಲ್ಲಿ ಪಾದ ಸಿಕ್ಕಿ ಎಲುಬು ಮುರಿಯಬಹುದು. ಹಳ್ಳದ ದಂಡೆಯ ಗಟ್ಟಿ ಮರಳು ಓಟಕ್ಕೆ ಹೇಳಿಮಾಡಿಸಿದ ನೆಲ.

ಆಹಾರದಲ್ಲಿ ಜೋಳದ ರೊಟ್ಟಿ, ಮಜ್ಜಿಗೆ ಇರಲಿ, ಅಷ್ಟರಿಂದಲೇ ಓಟದ ನಾಯಿಯ ಸ್ನಾಯು ಬೆಳೆಯುವುದಿಲ್ಲ. 25 ಕಿಲೋ ತೂಕದ ನಾಯಿಗೆ ಸುಮ್ಮನೆ ಮಲಗಿರಲು ದಿನಕ್ಕೆ ಸುಮಾರು 780 ಕ್ಯಾಲೊರಿ ಬೇಕು, ದುಡಿಮೆಯ ದಿನಗಳಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು. ಹೆಚ್ಚಿನ ಭಾಗ ಬೇಯಿಸಿದ ಮೊಟ್ಟೆ ಮತ್ತು ಮಾಂಸದಿಂದ ಬರಲಿ. ಕೊನೆಯ ಒಂದೆರಡು ಪಕ್ಕೆಲುಬು ಕಣ್ಣಿಗೆ ಕಾಣುವುದು ಈ ತಳಿಗೆ ಸಹಜ. ಸೊಂಟದ ಎಲುಬುಗಳು ಚೂಪಾಗಿ ಎದ್ದಿದ್ದರೆ ಅದು ಹಸಿವು. ಎದೆ ಆಳವಾದ ನಾಯಿಯಾದ್ದರಿಂದ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ. ಓಟಕ್ಕೆ ಮೂರು ನಾಲ್ಕು ಗಂಟೆ ಮೊದಲೂ, ಓಟದ ನಂತರ ಒಂದು ಗಂಟೆಯವರೆಗೂ ಊಟ ಹಾಕಬಾರದು. ಕುರಿ ಕೊಯ್ದಾಗ ನೀರುಗುಳ್ಳೆ ಕಟ್ಟಿದ ಪಿತ್ತಜನಕಾಂಗ, ಶ್ವಾಸಕೋಶಗಳನ್ನು ನಾಯಿಗೆ ಎಸೆಯುವುದನ್ನು ದಯವಿಟ್ಟು ನಿಲ್ಲಿಸಿರಿ. ಆ ಗುಳ್ಳೆಗಳಿಂದ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ, ಅದರ ಮೊಟ್ಟೆಗಳು ನಾಯಿಯ ಮಲದಿಂದ ನಮ್ಮ ಮಕ್ಕಳ ಕೈಗೂ ಬಾಯಿಗೂ ಬರುತ್ತವೆ, ಅವರ ದೇಹದಲ್ಲೂ ಅಂಥದೇ ಗುಳ್ಳೆಗಳು ಬೆಳೆಯುತ್ತವೆ.

ಚೆನ್ನಾಗಿ ತಿನ್ನುತ್ತಿದ್ದ ನಾಯಿ ಹಠಾತ್ತನೆ ಓಟದಲ್ಲಿ ಹಿಂದೆ ಬಿದ್ದರೆ ಸೋಮಾರಿತನವೆಂದು ಬೈಯುವ ಮೊದಲು ತುಟಿ ಎತ್ತಿ ಒಸಡು ನೋಡಿರಿ. ಓಟದ ನಾಯಿಗಳ ರಕ್ತದಲ್ಲಿ ಕೆಂಪು ಕಣಗಳ ಪ್ರಮಾಣ ಬೇರೆ ನಾಯಿಗಳಿಗಿಂತ ಹೆಚ್ಚು ಎಂಬುದು ಗ್ರೇಹೌಂಡ್‌ಗಳಲ್ಲಿ ಚೆನ್ನಾಗಿ ತಿಳಿದುಬಂದಿರುವ ಸಂಗತಿ. ಅವುಗಳ ಓಟದ ಬಲಕ್ಕೆ ಅದೂ ಒಂದು ಆಧಾರ. ಉಣ್ಣಿಗಳಿಂದ ಹರಡುವ ಜ್ವರ ನೇರವಾಗಿ ಆ ರಕ್ತವನ್ನೇ ಕೆಡಿಸುತ್ತದೆ. ಒಸಡು ಬಿಳಿಚಿಕೊಂಡಿದ್ದರೆ ವ್ಯಾಯಾಮ ನಿಲ್ಲಿಸಿ ರಕ್ತಪರೀಕ್ಷೆ ಮಾಡಿಸಬೇಕು. ಓಟದ ನಂತರ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿದೆ ಎಂದರ್ಥ. ಅಂದು ಸಂಜೆಯವರೆಗೂ ಕಾಯಬಾರದು.

ಎಳೆಯ ಮರಿಗಳ ಬಗ್ಗೆ ಎರಡು ಮಾತು. ಎಲುಬಿನ ತುದಿಯಲ್ಲಿರುವ ಬೆಳವಣಿಗೆಯ ಮೆದುಪದರ ಗಟ್ಟಿಯಾಗಲು ಸುಮಾರು ಒಂದು ವರ್ಷ ಬೇಕು. ಅಲ್ಲಿಯವರೆಗೆ ಮರಿ ತನ್ನ ಒಡಹುಟ್ಟಿದವುಗಳೊಂದಿಗೆ ಇಷ್ಟಬಂದಂತೆ ಆಡಲಿ, ದಣಿದಾಗ ಮಲಗಲಿ. ಹದಿನೈದು ತಿಂಗಳಿಗೆ ಮೊದಲು ಅದನ್ನು ದೊಡ್ಡ ನಾಯಿಯ ಜೊತೆ ಜಿದ್ದಿಗೆ ಓಡಿಸುವುದು ಬೇಡ.

ಪೆಟ್ಟಾದ ನಾಯಿಯನ್ನು ಮತ್ತೆ ಕೆಲಸಕ್ಕೆ ತರುವ ಬಗೆಯನ್ನು ಇಲ್ಲಿ ಬಂದಿರುವ ಅನೇಕರು ಮೊದಲೇ ಕೇಳಿದ್ದರು. ಕುಂಟು ನಿಂತ ದಿನ ಗಾಯ ಮಾಯ್ದ ದಿನವಲ್ಲ. ನೋವು ಹೋದ ಮೇಲೂ ಹರಿದ ಸ್ನಾಯು ಕೂಡಿಕೊಳ್ಳಲು ವಾರಗಳು ಬೇಕಾಗುತ್ತವೆ. ಆದ್ದರಿಂದ ವೈದ್ಯರು ಒಪ್ಪಿದ ಬಳಿಕ ನಾಯಿಯನ್ನು ಹಗ್ಗ ಹಿಡಿದು, ಸಮತಟ್ಟಾದ ನೆಲದಲ್ಲಿ, ಹತ್ತು ನಿಮಿಷದ ನಡಿಗೆಯಿಂದ ಹೊಸದಾಗಿ ಆರಂಭಿಸಿರಿ. ಮರುದಿನ ಬೆಳಿಗ್ಗೆ ಅದು ಮಲಗಿದಲ್ಲಿಂದ ಏಳುವಾಗ ಮೊದಲ ನಾಲ್ಕು ಹೆಜ್ಜೆಗಳನ್ನು ಗಮನಿಸಿ ನೋಡಿರಿ. ಆ ಹೆಜ್ಜೆಗಳಲ್ಲಿ ಬಿಗಿತ ಕಾಣದಿದ್ದರೆ ಮಾತ್ರ ಐದು ನಿಮಿಷ ಹೆಚ್ಚಿಸಿರಿ.