42.34 ಮೀಟರಿನ ಕಳ್ಳ ರೇಡಿಯೋ

[ದೃಶ್ಯ: ಮಡಿಕೇರಿ ಬಳಿಯ ಕಾಫಿ ತೋಟ. ಎರಡು ಸಿಲ್ವರ್ ಓಕ್ ಮರಗಳ ನಡುವೆ ತಂತಿ.]

ಈ ತಂತಿ ಬಟ್ಟೆ ಒಣಗಿಸಲು ಕಟ್ಟಿದ್ದಲ್ಲ, ರೇಡಿಯೋ ತರಂಗ ಹಿಡಿಯುವ ಏರಿಯಲ್. ಕೈಯಲ್ಲಿರುವುದು ಬ್ಯಾಟರಿ ರೇಡಿಯೋ. ಮಡಿಕೇರಿ ಆಕಾಶವಾಣಿಯ ಎಫ್‌ಎಂ ಈ ದಿಬ್ಬದ ಮೇಲೆ ಸ್ಪಷ್ಟವಾಗಿ ಕೇಳಿಸುತ್ತಿದೆ. ಕೆಳಗಿನ ಗದ್ದೆಗೆ ಇಳಿಯೋಣ.

[ದೃಶ್ಯ: ಗದ್ದೆಯ ಬದು. ರೇಡಿಯೋದಲ್ಲಿ ಬರೀ ಗರಗರ.]

ಹೋಯಿತು. ಎಫ್‌ಎಂ ತರಂಗ ಹೆಚ್ಚುಕಡಿಮೆ ನೇರವಾಗಿ ಸಾಗುವಂಥದ್ದು. ಬೆಟ್ಟ ಅಡ್ಡ ಬಂದರೆ ಸೊರಗುತ್ತದೆ. ಶಾರ್ಟ್‌ವೇವ್ ಹಾಗಲ್ಲ. ಮೇಲಕ್ಕೇರಿ, ವಾತಾವರಣದ ಮೇಲುಭಾಗದ ವಿದ್ಯುತ್ ಕಣಗಳ ಪದರವಾದ ಅಯಾನುಗೋಲದಿಂದ ಮರಳಿ, ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಆಕಾಶದಿಂದ ಬರುವುದಕ್ಕೆ ಬೆಟ್ಟದ ಹಂಗೇನು?

1942ರಲ್ಲಿ ಮುಂಬಯಿಯ ಕೆಲವು ಯುವಕರಿಗೆ ಬೇಕಾಗಿದ್ದದ್ದು ಇದೇ. ಆಗಸ್ಟ್ 9ರ ಬೆಳಗಿನ ಜಾವ ಗಾಂಧೀಜಿ ಮತ್ತು ಇತರ ನಾಯಕರ ಬಂಧನವಾಗಿತ್ತು, ಪತ್ರಿಕೆಗಳ ಬಾಯಿ ಕಟ್ಟಲಾಗಿತ್ತು. ಆಗಸ್ಟ್ 27ರಂದು ಗಾಳಿಯಲ್ಲಿ ಒಂದು ಹೆಣ್ಣುದನಿ: ಇದು ಕಾಂಗ್ರೆಸ್ ರೇಡಿಯೋ, 42.34 ಮೀಟರಿನಲ್ಲಿ, ಭಾರತದ ಯಾವುದೋ ಒಂದು ಜಾಗದಿಂದ. ಮೀಟರ್ ಎಂದರೆ ಇಲ್ಲಿ ತರಂಗದ ಉದ್ದ.

ಆ ದನಿ ಉಷಾ ಮೆಹ್ತಾ ಅವರದು. ವಯಸ್ಸು 22. ತಂದೆ ಬ್ರಿಟಿಷ್ ಸರ್ಕಾರದಲ್ಲೇ ನ್ಯಾಯಾಧೀಶರಾಗಿದ್ದವರು! ಜೊತೆಗೆ ವಿಠ್ಠಲಭಾಯಿ ಜವೇರಿ, ಚಂದ್ರಕಾಂತ ಜವೇರಿ, ಬಾಬುಭಾಯಿ ಖಾಕರ್. ಹಿಂದೆ ನಿಂತವರು ರಾಮಮನೋಹರ ಲೋಹಿಯಾ. ಉಪಕರಣಗಳ ನೆರವು ಚಿಕಾಗೋ ರೇಡಿಯೋ ಎಂಬ ಕಂಪನಿಯ ನಾನಕ್ ಮೋಟವಾನಿ ಅವರದು. ಅಚ್ಚಾಗದ ಸುದ್ದಿ ಇಲ್ಲಿ ಬಿತ್ತರವಾಯಿತು: ಚಿತ್ತಗಾಂಗ್ ಬಾಂಬ್ ದಾಳಿ, ಜಮ್‌ಶೆಡ್‌ಪುರದ ಮುಷ್ಕರ, ಇಂದಿನ ಮಹಾರಾಷ್ಟ್ರದ ಅಷ್ಟಿ ಮತ್ತು ಚಿಮೂರಿನಲ್ಲಿ ಸರ್ಕಾರಿ ಪಡೆಗಳ ದೌರ್ಜನ್ಯ.

[ದೃಶ್ಯ: ಕಣಿವೆಯ ಎದುರು ದಿಬ್ಬದಿಂದ ಒಬ್ಬರು 'ಕೂ' ಎನ್ನುತ್ತಾರೆ. ಈಚೆ ಬದಿಯಲ್ಲಿ ದೂರ ದೂರ ನಿಂತ ಇಬ್ಬರು ಅತ್ತ ಕೈ ತೋರಿಸುತ್ತಾರೆ.]

ತೊಡಕು ಇಲ್ಲಿದೆ. ತೋಟದಲ್ಲಿ ಒಬ್ಬ ಕೂಗು ಹಾಕಿದರೆ ಅವನು ಎಲ್ಲಿದ್ದಾನೆಂದು ಒಬ್ಬನೇ ಹೇಳುವುದು ಕಷ್ಟ. ಇಬ್ಬರು ಬೇರೆ ಬೇರೆ ಕಡೆ ನಿಂತು ಸದ್ದು ಬಂದ ದಿಕ್ಕಿಗೆ ಕೈ ತೋರಿಸಲಿ. ಎರಡು ಗೆರೆಗಳು ಸೇರುವಲ್ಲೇ ಅವನಿದ್ದಾನೆ. ರೇಡಿಯೋ ನಿಲ್ದಾಣ ಪತ್ತೆಮಾಡುವ ಉಪಾಯವೂ ಇದೇ, ಕಿವಿಯ ಬದಲು ತಿರುಗಿಸಬಲ್ಲ ಆಂಟೆನಾ. ಹೆಚ್ಚು ಹೊತ್ತು ಮಾತನಾಡಿದಷ್ಟೂ ಅಪಾಯ.

ಹಾಗಾಗಿ ಅವರು ಒಂದೆಡೆ ನಿಲ್ಲಲಿಲ್ಲ. ಚೌಪಾಟಿಯ ಒಂದು ಮನೆಯಲ್ಲಿ ಶುರುವಾದ ನಿಲ್ದಾಣ ಮುಂಬಯಿಯೊಳಗೇ ಮನೆಯಿಂದ ಮನೆಗೆ ಗಂಟುಮೂಟೆ ಕಟ್ಟಿತು. ಟ್ರಾನ್ಸ್‌ಮಿಟರ್ ಹೊತ್ತು ಮನೆ ಬದಲಿಸುವುದೆಂದರೆ ಹಾಸಿಗೆ ಸುತ್ತಿಕೊಂಡು ಹೊರಟಂತಲ್ಲ. ಪೊಲೀಸರು ಪ್ರಸಾರವನ್ನು ಕೇಳಿ ಬರೆದುಕೊಳ್ಳುತ್ತಲೇ ಇದ್ದರು. ಕೊನೆಗೆ ಸುಳಿವು ಕೊಟ್ಟಿದ್ದು ಯಂತ್ರವಲ್ಲ, ಯಂತ್ರ ಕಟ್ಟಿಕೊಟ್ಟಿದ್ದ ತಂತ್ರಜ್ಞನೇ. ನವೆಂಬರ್ 12ರ ರಾತ್ರಿ ಪೊಲೀಸರು ಬಾಗಿಲು ಮುರಿದು ಒಳನುಗ್ಗಿದಾಗ 'ವಂದೇ ಮಾತರಂ' ಗ್ರಾಮಫೋನ್ ತಟ್ಟೆ ಸುತ್ತುತ್ತಿತ್ತು.

ಎರಡೂವರೆ ತಿಂಗಳು, ಅಷ್ಟೇ. ಉಷಾ ಅವರಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು, ಬಿಡುಗಡೆ 1946ರಲ್ಲಿ.

ಸ್ವಾತಂತ್ರ್ಯ ಬಂದ ಮೇಲೂ, ಪ್ರಸಾರದ ಹಕ್ಕನ್ನು ಸರ್ಕಾರದ ಕೈಯಲ್ಲಿಟ್ಟಿದ್ದ 1885ರ ಟೆಲಿಗ್ರಾಫ್ ಕಾಯ್ದೆ ಕದಲಲಿಲ್ಲ. ವಾಯುತರಂಗ ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಆಮೇಲೂ ಹಳ್ಳಿಯವರಿಗೆ ಪರವಾನಗಿ ಸಿಗದ ಕಾಲದಲ್ಲಿ, ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ತನ್ನ ಕಾರ್ಯಕ್ರಮಗಳನ್ನು ಕೇಬಲ್ ಮೂಲಕ ಮನೆಗಳಿಗೆ ಮುಟ್ಟಿಸಿತು. ಗಾಳಿ ಸರ್ಕಾರದ್ದಾದರೆ ತಂತಿ ನಮ್ಮದು! ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ರೇಡಿಯೋ ನಡೆಸಲು ಅವಕಾಶ ಸಿಕ್ಕಿದ್ದು 2006ರಲ್ಲಿ.

[ದೃಶ್ಯ: ಮತ್ತೆ ತೋಟ. ದೂರದಲ್ಲಿ ಗುಡುಗು.]

ನಮ್ಮ ಈ ಏರಿಯಲ್ ಕೇಳುವುದಕ್ಕೆ ಮಾತ್ರ. ಇದರ ತುದಿಗೆ ಟ್ರಾನ್ಸ್‌ಮಿಟರ್ ಸಿಕ್ಕಿಸಿ ಪರವಾನಗಿಯಿಲ್ಲದೆ ಮಾತನಾಡಿದರೆ ಇವತ್ತಿಗೂ ಅಪರಾಧವೇ. ಗುಡುಗು ಹತ್ತಿರವಾಗುತ್ತಿದೆ, ಇನ್ನು ತಂತಿ ಮುಟ್ಟದೆ ಮನೆಯೊಳಗೆ ಸೇರಬೇಕು.