ಅಘನಾಶಿನಿಯ ತಾರಿ ದಾಟಿ ಪ್ಯಾರಡೈಸ್ ಬೀಚಿಗೆ

ಎಲ್ಲರಿಗೂ ನಮಸ್ಕಾರ.

ಪ್ಯಾರಡೈಸ್ ಬೀಚಿಗೆ ನಡೆದು ಹೋಗಬೇಕೆಂದರೆ ಎಲ್ಲರೂ ತೋರಿಸುವುದು ಗೋಕರ್ಣದ ದಾರಿ. ಕುಡ್ಲೆ, ಓಂ, ಹಾಫ್ ಮೂನ್ ದಾಟಿದರೆ ಪ್ಯಾರಡೈಸ್. ಚೆಂದದ ದಾರಿಯೇ, ನಾನು ಬೇಡ ಎನ್ನುವುದಿಲ್ಲ. ಆದರೆ ಇವತ್ತು ನಿಮ್ಮನ್ನು ದಕ್ಷಿಣದಿಂದ, ಕುಮಟಾ ಕಡೆಯಿಂದ ಕರೆದೊಯ್ಯಬೇಕೆಂದಿದ್ದೇನೆ. ಆ ದಾರಿಯಲ್ಲಿ ನಡುವೆ ಒಂದು ಹೊಳೆ ಸಿಗುತ್ತದೆ. ಹೊಳೆಯನ್ನು ನೋಡದೆ ಕಡಲಿಗೆ ಇಳಿದವರಿಗೆ ಈ ಊರು ಅರ್ಧವೂ ಸಿಕ್ಕಿಲ್ಲ ಎಂಬುದು ನನ್ನ ಹಟ.

ಕುಮಟಾದಿಂದ ಬಾಡ, ಕಾಗಾಲ ಹಾದು ಅಘನಾಶಿನಿ ಎಂಬ ಊರಿಗೆ ಬನ್ನಿ. ಹೊಳೆಯ ಹೆಸರೇ ಊರಿಗೂ. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಸುಮಾರು 120 ಕಿ.ಮೀ. ಹರಿದು ಇಲ್ಲಿ ಕಡಲು ಸೇರುವ ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಹಾಗಾಗಿ ಮಳೆಗಾಲದ ಸಿಹಿನೀರು ತಡೆಯಿಲ್ಲದೆ ಅಳಿವೆಯವರೆಗೂ, ಅಂದರೆ ಹೊಳೆ ಕಡಲು ಸೇರುವ ಬಾಯಿಯವರೆಗೂ, ಬರುತ್ತದೆ. ಬೇಸಿಗೆಯಲ್ಲಿ ಉಪ್ಪುನೀರು ಒಳನಾಡಿನತ್ತ ಏರುತ್ತದೆ. ಈ ಹೋಗಿಬರುವಿಕೆಯ ಮೇಲೆಯೇ ಇಲ್ಲಿನ ಅನ್ನ ನಿಂತಿದೆ.

ಗಜನಿ ಗದ್ದೆಗಳನ್ನೇ ನೋಡಿ. ಉಪ್ಪುನೀರು ನುಗ್ಗುವ ಜೌಗು ನೆಲಕ್ಕೆ ಕಟ್ಟು ಹಾಕಿ, ಮಳೆ ಬಂದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಮಾಣಿಕಟ್ಟಾದ ಕಡೆಯ ಗಜನಿ ಇದಕ್ಕೆ ಹೆಸರುವಾಸಿ. ಕಗ್ಗಕ್ಕೆ ಗೊಬ್ಬರ ಬೇಡ, ಔಷಧಿ ಬೇಡ. ನೆರೆ ನಿಂತರೂ ಉಪ್ಪು ತಗುಲಿದರೂ ತಡೆದುಕೊಳ್ಳುತ್ತದೆ. ಕೊಯ್ಲು ಮುಗಿದರೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುವುದು. ಒಂದೇ ನೆಲಕ್ಕೆ ವರ್ಷದಲ್ಲಿ ಎರಡು ಅವತಾರ. ಹೊಸ ತಳಿಗಳ ಮೋಹದಲ್ಲಿ ನಾವು ಇಂಥ ಭತ್ತವನ್ನು ಬಡವರ ಬೆಳೆ ಎಂದು ಮೂಲೆಗೆ ತಳ್ಳಿದೆವು. ಕಡಲು ಏರುತ್ತಿರುವ ಈ ಕಾಲದಲ್ಲಿ ಕಗ್ಗದ ಬೀಜ ಹುಡುಕಿಕೊಂಡು ಬರುವವರು ಹೆಚ್ಚಿದರೆ ನನಗೆ ಆಶ್ಚರ್ಯವಿಲ್ಲ.

ಇಳಿತದ ಹೊತ್ತಿಗೆ ಹೋದರೆ ಹೊಳೆಯ ನಡುವೆ ಜನ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಚಿಪ್ಪಿ ಆಯುವುದು ಕಾಣುತ್ತದೆ. ಹೆಂಗಸರೇ ಜಾಸ್ತಿ. ದಡದಲ್ಲಿ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳು. ಆಚೆ ದಡದ ಸಾಣಿಕಟ್ಟಾದಲ್ಲಿ ಅಳಿವೆಯ ನೀರನ್ನೇ ಪಾತಿಗಳಿಗೆ ಹಾಯಿಸಿ, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ಅದೇ ದಡದ ತದಡಿಯಲ್ಲಿ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಮಾತು ಬಂದಾಗ ಈ ಜನ ಸುಮ್ಮನಿರಲಿಲ್ಲ, ಸ್ಥಾವರ ಬರಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ಮಹತ್ವದ ಜೌಗು ನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿ ಸೇರಿತು. ಫಲಕ ಹಾಕಿದರೆ ಸಾಲದು, ಮರಳು ಎತ್ತುವವರ ಮೇಲೂ ಕಣ್ಣಿರಬೇಕು. ಆ ಮಾತು ಇನ್ನೊಂದು ದಿನಕ್ಕಿರಲಿ.

ಅಘನಾಶಿನಿಯಿಂದ ತದಡಿಗೆ ತಾರಿ, ಅಂದರೆ ಹೊಳೆ ದಾಟಿಸುವ ದೋಣಿ. ರಸ್ತೆ ಹಿಡಿದರೆ ಹೆದ್ದಾರಿಯ ಸೇತುವೆ ಸುತ್ತಿ ಬರಬೇಕು, ದೋಣಿಯಲ್ಲಾದರೆ ಸ್ವಲ್ಪ ಹೊತ್ತಿನ ದಾರಿ. ಶಾಲೆ ಮಕ್ಕಳು, ಮೀನಿನ ಬುಟ್ಟಿ, ಕೆಲವೊಮ್ಮೆ ಬೈಕು ಎಲ್ಲವೂ ಅದರಲ್ಲೇ. ತದಡಿಯ ಮೀನಿನ ಧಕ್ಕೆಯಲ್ಲಿ ಇಳಿದವರು ಮೂಗು ಮುಚ್ಚಿಕೊಳ್ಳಬೇಡಿ, ದಯವಿಟ್ಟು. ಅದು ಮೀನುಗಾರರ ಅಂಗಡಿ ಬೀದಿ.

ತದಡಿಯಿಂದ ಬೇಲೆಕಾನ, ಅಲ್ಲಿಂದ ಗುಡ್ಡ ಹತ್ತಿ ಇಳಿದರೆ ಪ್ಯಾರಡೈಸ್. ಈ ಬೀಚು ಇಷ್ಟು ಒಂಟಿಯಾಗಿ ಉಳಿದದ್ದು ಹೇಗೆ? ಉತ್ತರ ಕನ್ನಡದಲ್ಲಿ ಘಟ್ಟದ ಕವಲುಗಳು ಕಡಲಿನವರೆಗೂ ಚಾಚಿವೆ. ಕಲ್ಲಿನ ಮೂತಿ ನೀರಿಗಿಳಿದಲ್ಲಿ ದಡ ತುಂಡಾಗುತ್ತದೆ. ಎರಡು ಮೂತಿಗಳ ನಡುವೆ ಅಲೆ ತಂದ ಮರಳು ನಿಲ್ಲುತ್ತದೆ. ಓಂ ಬೀಚಿಗೆ ಆ ಆಕಾರ ಬಂದದ್ದೂ ಎರಡು ಕೊಲ್ಲಿಗಳು ಒಂದಕ್ಕೊಂದು ತಾಗಿದ್ದರಿಂದ. ಮಳೆಗಾಲದ ಅಲೆ ಈ ಮರಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಆಗ ಕಲ್ಲುಗಳು ಎದ್ದು ಕಾಣುತ್ತವೆ. ಮಳೆ ನಿಂತ ಮೇಲೆ ಮೆಲ್ಲಗೆ ಮರಳಿ ತರುತ್ತದೆ. ಜುಲೈನ ಪ್ಯಾರಡೈಸೂ ಜನವರಿಯ ಪ್ಯಾರಡೈಸೂ ಒಂದೇ ಬೀಚಲ್ಲ. ಗುಡ್ಡದ ಚಿರೆಕಲ್ಲಿನ ಮೇಲೆ ರಸ್ತೆ ಇಳಿಸಲು ಜೆಸಿಬಿಗೆ ಕಷ್ಟವೇನಿಲ್ಲ. ಆದರೆ ಹಾಗೆ ಕೇಳುವವರ ಜೊತೆ ನಾನಿಲ್ಲ.

ಇನ್ನು ನಡೆಯುವವರಿಗೆ ನಾಲ್ಕು ಮಾತು. ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಕುಡಿಯುವ ನೀರು ಹೊತ್ತುಕೊಂಡೇ ಹೋಗಿ, ಬಾಟಲಿಯನ್ನು ವಾಪಸ್ ತನ್ನಿ. ಅದೇ ತಿಂಗಳುಗಳಲ್ಲಿ ನಮ್ಮ ಕರಾವಳಿಯ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ರಾತ್ರಿ ಬೆಂಕಿ, ಟಾರ್ಚು, ಹಾಡು ಬೇಡ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ; ನಿನ್ನೆ ದಾಟಿದ ಬಂಡೆಯನ್ನು ಇವತ್ತು ಅದೇ ಗಂಟೆಗೆ ದಾಟಬಹುದು ಅಂದುಕೊಳ್ಳಬೇಡಿ. ತಾರಿಯವರನ್ನು ಕೇಳಿ, ಅವರಿಗೆ ಪಂಚಾಂಗ ಬೇಡ.

ಕಡಲಿಗಿಳಿಯುವ ವಿಚಾರ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಗೋಕರ್ಣದ ಕಡಲಿನಲ್ಲಿ ಪ್ರವಾಸಿಗರು ಮುಳುಗಿದ ಸುದ್ದಿ ಪದೇ ಪದೇ ಓದುತ್ತಿದ್ದೇವೆ. ಎರಡೂ ಪಕ್ಕ ಅಲೆ ಒಡೆದು ನಡುವೆ ನೀರು ಶಾಂತವಾಗಿ ಕಂಡರೆ, ಅಲ್ಲಿಗೆ ಇಳಿಯಬೇಡಿ. ದಡಕ್ಕೆ ಬಂದ ನೀರು ಒಳಕ್ಕೆ ಹಿಂದಿರುಗುವ ದಾರಿ ಅದೇ ಆಗಿರಬಹುದು. ಸೆಳೆತಕ್ಕೆ ಸಿಕ್ಕಿದರೆ ನೇರ ದಡದ ಕಡೆ ಈಜಲು ಹೋಗಿ ಸುಸ್ತಾಗಬೇಡಿ; ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ತಿರುಗಿ. ಈಜು ಬಾರದವರು ಕಾಲು ನೆನೆಸಿಕೊಂಡರೆ ಸಾಕು. ಹಿಂದಿರುಗುವಾಗ ಕೊನೆಯ ತಾರಿ ಎಷ್ಟು ಗಂಟೆಗೆ ಎಂದು ಬೆಳಿಗ್ಗೆ ದಾಟುವಾಗಲೇ ಕೇಳಿಟ್ಟುಕೊಳ್ಳಿ.