ದುಂದುಗಾರಿಕೆಗೆ ಗಡೀಪಾರಾದವರು

(ಶ್ಟುಟ್‌ಗಾರ್ಟ್‌ನಲ್ಲಿ ಕನ್ನಡ ರಾಜ್ಯೋತ್ಸವದ ದಿನ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಕಾರ್ಯದರ್ಶಿಗಳು ನನಗೆ ಅರ್ಧ ಗಂಟೆ ಕೊಟ್ಟಿದ್ದಾರೆ. ಆಮೇಲೆ ಮಕ್ಕಳ ಕೋಲಾಟ, ಆಮೇಲೆ ಊಟ. ಒಳಗಡೆಯಿಂದ ಬಿಸಿಬೇಳೆಬಾತಿನ ಘಮ ಬರುತ್ತಿರುವಾಗ ಮೈಕಿನ ಮುಂದೆ ನಿಂತವನ ಪಾಡು ಏನೆಂದು ನಿಮಗೇ ಗೊತ್ತು. ಅದಕ್ಕೇ ಪೀಠಿಕೆ ಬಿಟ್ಟು ನೇರವಾಗಿ ಶುರು ಮಾಡುತ್ತೇನೆ.

ಈ ವಿಷಯಕ್ಕೆ ಕಾರಣ ನಮ್ಮವರೇ ಒಬ್ಬರು. ಇಲ್ಲಿಂದ ಬರ್ಲಿನ್ನಿಗೆ ಕೆಲಸ ಬದಲಿಸಿಕೊಂಡು ಹೊರಟರು. ಬೀಳ್ಕೊಡುಗೆಯ ದಿನ ಎಲ್ಲರ ಮುಂದೆ, 'ಸದ್ಯ ಪಾರಾದೆ ಮಾರಾಯ್ರೆ, ಈ ಶ್ವಾಬರಿಗೆ ಜಿಪುಣತನ ರಕ್ತದಲ್ಲೇ ಬಂದಿದೆ' ಅಂದರು. ಶ್ವಾಬರು ಅಂದರೆ ಈ ಶ್ಟುಟ್‌ಗಾರ್ಟ್ ಸುತ್ತಲಿನ ಸೀಮೆಯ ಜನ. ಎಲ್ಲರೂ ನಕ್ಕೆವು. ಮನೆಗೆ ಹೋದ ಮೇಲೂ ಆ ಮಾತು ನನ್ನ ತಲೆಯಿಂದ ಇಳಿಯಲಿಲ್ಲ. ಜೋಕಿನ ಬಗ್ಗೆ ನನಗೆ ತಕರಾರಿಲ್ಲ. ಜೋಕು ಎಲ್ಲಿಂದ ಬಂತು ಎಂದು ಕೇಳದೆ ಅದನ್ನು ರಕ್ತಕ್ಕೆ ಅಂಟಿಸುವುದಿದೆಯಲ್ಲ, ತಕರಾರು ಅದರದ್ದು.

ಇಲ್ಲಿ ಕೂತವರಲ್ಲಿ ಬಾಷ್ ಕಂಪನಿಯ ಕೆಲಸಕ್ಕೆಂದು ಬೆಂಗಳೂರಿನ ಆಡುಗೋಡಿಯಿಂದ ಇಲ್ಲಿಯ ಫಾಯರ್‌ಬಾಖ್‌ಗೆ ಬಂದವರೇ ಅರ್ಧ ಇದ್ದೀರಿ, ಶ್ವಾಬ್ ಜೋಕುಗಳನ್ನು ನಾನು ನಿಮಗೆ ಹೇಳಿಕೊಡಬೇಕಿಲ್ಲ. ಸ್ಕಾಟ್‌ಲೆಂಡಿನವರು ಯಾರು? ದುಂದುಗಾರಿಕೆಗಾಗಿ ಗಡೀಪಾರಾದ ಶ್ವಾಬರು. ತಾಮ್ರದ ತಂತಿ ಹೇಗೆ ಹುಟ್ಟಿತು? ರಸ್ತೆಯಲ್ಲಿ ಬಿದ್ದ ಒಂದು ಫೆನಿಗ್ ನಾಣ್ಯವನ್ನು ಇಬ್ಬರು ಶ್ವಾಬರು ಒಟ್ಟಿಗೆ ನೋಡಿ ಆಚೆಗೊಬ್ಬ ಈಚೆಗೊಬ್ಬ ಎಳೆದರು, ತಂತಿಯಾಯಿತು. ಸರಿ. ಆದರೆ ಇದೇ ತಂತಿಯನ್ನು ಇಂಗ್ಲೆಂಡಿನಲ್ಲಿ ಇಬ್ಬರು ಸ್ಕಾಟರು ಎಳೆಯುತ್ತಾರೆ, ಬೇರೆ ಕಡೆ ಇಬ್ಬರು ಡಚ್ಚರು. ಇಟಲಿಗೆ ಹೋದರೆ ಜಿಪುಣರು ಜಿನೋವಾದವರು, ಫ್ರಾನ್ಸಿನಲ್ಲಿ ಓವರ್ನ್ ಗುಡ್ಡಗಾಡಿನವರು, ಸ್ಪೇನಿನಲ್ಲಿ ಕ್ಯಾಟಲೋನಿಯಾದವರು. ಕ್ಯಾಟಲೋನಿಯಾದವರ ಹಣೆಬರಹವಂತೂ ಬಹಳ ಹಳೆಯದು. ಡಾಂಟೆ ಮಹಾಕವಿ ಸ್ವರ್ಗದ ವರ್ಣನೆಯ ನಡುವೆ ಪುರಸೊತ್ತು ಮಾಡಿಕೊಂಡು ಕ್ಯಾಟಲೋನಿಯಾದ 'ಜಿಪುಣ ಬಡತನ'ವನ್ನು ಕುಟುಕುತ್ತಾನೆ. ಸ್ವರ್ಗದಲ್ಲೂ ಪಕ್ಕದೂರಿನವರ ಚಾಡಿ ಬಿಡಲಾಗದಿದ್ದರೆ ಭೂಮಿಯ ಮೇಲೆ ನಮ್ಮ ನಿಮ್ಮ ಗತಿ ಏನು!

ಪ್ರತಿ ದೇಶಕ್ಕೂ ಒಂದು ಜಿಪುಣ ಸೀಮೆ, ಒಂದು ಸೋಮಾರಿ ಸೀಮೆ, ಒಂದು ಪೆದ್ದರ ಊರು ಬೇಕೇ ಬೇಕು. ಜೋಕು ಒಂದೇ, ವಿಳಾಸ ಮಾತ್ರ ಬದಲು. ಆ ವಿಳಾಸ ಬರೆಯುವವರು ಯಾರು? ನನ್ನ ಉತ್ತರ ಸರಳ. ಇವತ್ತು ನಾಲ್ಕೈದು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ: ಜೋಕು ದುಡ್ಡಿನ ಬೆನ್ನು ಹತ್ತಿ ಹೋಗುತ್ತದೆ.

ನಮ್ಮ ಶ್ವಾಬರನ್ನೇ ತೆಗೆದುಕೊಳ್ಳಿ. 1815ರಲ್ಲಿ ಇಂಡೋನೇಷ್ಯಾದಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ, ಗಂಧಕ ಆಕಾಶಕ್ಕೇರಿ, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಈ ವ್ಯುರ್ಟೆಂಬೆರ್ಗ್ ಸೀಮೆಯಲ್ಲಿ ಬೆಳೆ ಕೊಳೆತು ಬರಗಾಲ ಬಂತು. ಮೊದಲೇ ಇಲ್ಲಿ ಅಪ್ಪನ ಹೊಲ ಎಲ್ಲ ಮಕ್ಕಳಿಗೂ ಸಮನಾಗಿ ಹಂಚುವ ಪದ್ಧತಿ. ತಲೆಮಾರು ಕಳೆದಂತೆ ಹೊಲ ಹೋಗಿ ಪಟ್ಟಿ, ಪಟ್ಟಿ ಹೋಗಿ ಬದು. ತುಂಡು ಹೊಲದ ಕಷ್ಟ ನಮಗೂ ಗೊತ್ತು, ಪಹಣಿ ಹಿಡಿದು ತಾಲ್ಲೂಕು ಕಚೇರಿ ಸುತ್ತಿದವರು ಇಲ್ಲೂ ಇದ್ದೀರಿ. ಜನ ಗುಂಪು ಗುಂಪಾಗಿ ರಷ್ಯಾಕ್ಕೆ, ಅಮೆರಿಕಕ್ಕೆ ಹೊರಟರು. ಆಗಷ್ಟೇ ಪಟ್ಟಕ್ಕೆ ಬಂದಿದ್ದ ದೊರೆ ವಿಲ್‌ಹೆಲ್ಮ್ ಮತ್ತು ರಾಣಿ ಕಾಥರೀನಾ 1818ರಲ್ಲಿ ಮೂರು ಕೆಲಸ ಮಾಡಿದರು. ಹೋಹೆನ್‌ಹೈಮ್‌ನಲ್ಲಿ ಕೃಷಿ ಶಾಲೆ. ರೈತರಿಗೆ ಹುರುಪು ಬರಲೆಂದು ಕಾನ್‌ಷ್ಟಾಟ್‌ನಲ್ಲಿ ಜಾತ್ರೆ, ನೀವೆಲ್ಲ ಪ್ರತಿ ಶರತ್ಕಾಲದಲ್ಲಿ ಹುರಿದ ಕೋಳಿ ತಿನ್ನಲು ಹೋಗುತ್ತೀರಲ್ಲ, ಅದೇ. ಮೂರನೆಯದು ಬಡವರಿಗಾಗಿ ಉಳಿತಾಯದ ಬ್ಯಾಂಕು. ಹೀಗೆ ಹಸಿದವನಿಗೆ ದುಡ್ಡು ಕೂಡಿಡುವುದನ್ನು ಸರ್ಕಾರವೇ ಕಲಿಸಿತು. ಭಾನುವಾರದ ಚರ್ಚಿನಲ್ಲಿ ಪಾದ್ರಿಯೂ ಅದನ್ನೇ ಹೇಳಿದ. ಮೂರು ತಲೆಮಾರು ಕಳೆದ ಮೇಲೆ ಹೊರಗಿನವರು ಬಂದು, 'ಇವರ ರಕ್ತದಲ್ಲೇ ಇದೆ' ಅಂದರು.

ಬಾಷ್ ಕಂಪನಿ ಕಟ್ಟಿದ ರಾಬರ್ಟ್ ಬಾಷ್ ಅವರ ಕಥೆ ಗೊತ್ತಲ್ಲ? ಕಚೇರಿಯ ನೆಲದ ಮೇಲೆ ಕಾಗದದ ಪಿನ್ನೊಂದು ಬಿದ್ದಿತ್ತಂತೆ. ನೌಕರನನ್ನು ಕರೆದು, 'ಇದೇನು?' ಅಂದರಂತೆ. 'ಪಿನ್ನು ಸ್ವಾಮಿ.' 'ಅಲ್ಲ, ಇದು ನನ್ನ ದುಡ್ಡು.' ಉಲ್ಮ್ ಹತ್ತಿರದ ಹಳ್ಳಿಯಲ್ಲಿ 1861ರಲ್ಲಿ ಹುಟ್ಟಿದ ಮನುಷ್ಯ. ಈ ಕಥೆಯನ್ನು ಬರ್ಲಿನ್ನಿನವರು ಹೇಳಿದರೆ ಜಿಪುಣತನ, ಇಲ್ಲಿಯವರು ಹೇಳಿದರೆ ಶಿಸ್ತು.

ಬರ್ಲಿನ್ ಅಂದೆ. ಗೋಡೆ ಬಿದ್ದ ಮೇಲೆ ಪ್ರೆನ್ಸ್‌ಲಾವರ್‌ಬೆರ್ಗ್ ಬಡಾವಣೆಗೆ ಪಶ್ಚಿಮದಿಂದ ದುಡ್ಡಿದ್ದವರು ಬಂದರು, ಬಾಡಿಗೆ ಏರಿತು. ಬಂದವರು ಎಲ್ಲ ಕಡೆಯವರೂ ಇದ್ದರು, ಬೈಗುಳ ಮಾತ್ರ ಶ್ವಾಬರಿಗೆ. ಗೋಡೆ ಗೋಡೆಗಳ ಮೇಲೆ 'ಶ್ವಾಬರೇ ತೊಲಗಿ'. 2012ರ ಕೊನೆಯಲ್ಲಿ ಸಂಸತ್ತಿನ ಉಪಾಧ್ಯಕ್ಷರಾಗಿದ್ದ ವೋಲ್ಫ್‌ಗಾಂಗ್ ಟೀರ್ಸೆ, ನಮ್ಮ ಬಡಾವಣೆಯ ಬೇಕರಿಯಲ್ಲಿ ಬನ್ನಿಗೆ ಬರ್ಲಿನ್ ಹೆಸರು ಬಿಟ್ಟು ಶ್ವಾಬ್ ಹೆಸರು ಹೇಳುತ್ತಿದ್ದಾರೆ ಎಂದು ಗೊಣಗಿದರು. ದೇಶವೆಲ್ಲ ಅದೇ ಚರ್ಚೆ. 2013ರ ಜನವರಿಯಲ್ಲಿ ಯಾರೋ ಕಿಡಿಗೇಡಿಗಳು ಉತ್ತರ ಕೊಟ್ಟರು: ಕೇಟೆ ಕೋಲ್ವಿಟ್ಸ್ ಪ್ರತಿಮೆಯ ಮೇಲೆ ಷ್ಪೆಟ್ಸ್‌ಲೆ, ಅಂದರೆ ಶ್ವಾಬರ ಶಾವಿಗೆ, ಎರಚಿದರು. ಪಾಪ, ಬಡವರ ಗೋಳನ್ನೇ ಬದುಕಿಡೀ ಚಿತ್ರಿಸಿದ ಕಲಾವಿದೆ, ಅವರ ತಲೆಯ ಮೇಲೆ ಶಾವಿಗೆ! ಇನ್ನೂರು ವರ್ಷಗಳ ಹಿಂದೆ ಶ್ವಾಬನನ್ನು ನೋಡಿ ನಕ್ಕದ್ದು ಗತಿಯಿಲ್ಲದವನೆಂದು, ಈಗ ಮನೆ ಕೊಳ್ಳುವವನೆಂದು. ಜೋಕು ದುಡ್ಡಿನ ಬೆನ್ನು ಹತ್ತಿ ಹೋಯಿತು. ಇಲ್ಲಿಯ ರಾಜ್ಯ ಸರ್ಕಾರದ ಜಾಣತನವನ್ನೂ ಹೇಳಬೇಕು. 1999ರಲ್ಲಿ ಜಾಹೀರಾತು ಮಾಡಿದರು: 'ನಮಗೆ ಎಲ್ಲ ಬರುತ್ತದೆ, ಶುದ್ಧ ಜರ್ಮನ್ ಒಂದು ಬಿಟ್ಟು.' ಆಡಿಕೊಳ್ಳುವವರ ಬಾಯಿಂದಲೇ ಜೋಕು ಕಿತ್ತುಕೊಂಡರು. 2021ರಲ್ಲಿ ಅದನ್ನು ಕೈಬಿಟ್ಟು ಇಂಗ್ಲಿಷಿನ ಮೊರೆ ಹೋದರು, ಆ ಬುದ್ಧಿ ಯಾರು ಕೊಟ್ಟರೋ.

ಪಕ್ಕದ ರಾಜ್ಯ ಬವೇರಿಯಾದ್ದೂ ಇದೇ ಕಥೆ, ಬೇಗ ಮುಗಿಸುತ್ತೇನೆ. ರಾಜ್ಯಗಳ ನಡುವಿನ ಹಣ ಹಂಚಿಕೆಯಲ್ಲಿ ಅದು 1980ರ ದಶಕದವರೆಗೂ ಕೈಚಾಚುವ ಸಾಲಿನಲ್ಲಿತ್ತು. ಆಗಿನ ಜೋಕಿನ ಬವೇರಿಯನ್ ಹಸು ಕಾಯುವ ಹಳ್ಳಿಗ. ಈಗ ಎಲ್ಲರಿಗಿಂತ ಹೆಚ್ಚು ಕೊಡುವ ರಾಜ್ಯ, ಜೋಕಿನ ಬವೇರಿಯನ್ ಕೊಬ್ಬಿದವ. ಚಡ್ಡಿ ಅದೇ ಚರ್ಮದ ಚಡ್ಡಿ.

ಇದಕ್ಕಿಂತ ಒಳ್ಳೆಯ ಸಾಕ್ಷಿ ಬೆಲ್ಜಿಯಂ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಾತಾಡುವ ದಕ್ಷಿಣದ ವಲೋನಿಯಾ ಶ್ರೀಮಂತ: ಲಿಯೇಜ್, ಶಾರ್ಲರ್ವಾ, ಕಲ್ಲಿದ್ದಲು, ಉಕ್ಕು. ಉತ್ತರದ ಫ್ಲೆಮಿಶರು 1840ರ ದಶಕದಲ್ಲಿ ಹಸಿವಿನಿಂದ ಸತ್ತವರು, ದಕ್ಷಿಣದ ಗಣಿಗೆ ಕೂಲಿಗೆ ಹೋದವರು. ಆಗ ಪೆದ್ದ, ಒರಟ ಯಾರು? ಫ್ಲೆಮಿಶ್. ಗಣಿಗಳು ಮುಚ್ಚಿದವು, ಆಂಟ್‌ವರ್ಪ್ ಬಂದರು ಬೆಳೆಯಿತು. ಈಗ ಸೋಮಾರಿ ಯಾರು? ವಲೋನ್. 2005ರಲ್ಲಿ ಫ್ಲೆಮಿಶ್ ನಾಯಕ ಬಾರ್ಟ್ ಡೆ ವೇವರ್ ಅವರ ಪಕ್ಷ ಲಾರಿಗಳಲ್ಲಿ ಖೋಟಾ ನೋಟು ತುಂಬಿಕೊಂಡು ವಲೋನಿಯಾಕ್ಕೆ ಮೆರವಣಿಗೆ ಹೋಯಿತು, ನಮ್ಮ ತೆರಿಗೆ ಹೀಗೆ ದಕ್ಷಿಣಕ್ಕೆ ಹರಿಯುತ್ತಿದೆ ಎಂದು ತೋರಿಸಲು. 'ನಮ್ಮ ತೆರಿಗೆ ನಮ್ಮ ಹಕ್ಕು' ಕೇಳಿದ ಕಿವಿಗಳಿಗೆ ಇದೇನೂ ಹೊಸದಲ್ಲ. ಅದೇ ಡೆ ವೇವರ್ 2025ರ ಫೆಬ್ರವರಿಯಿಂದ ಇಡೀ ಬೆಲ್ಜಿಯಂಗೆ ಪ್ರಧಾನಿ, ವಲೋನರಿಗೂ ಸೇರಿಸಿ. ಎರಡು ತಲೆಮಾರಿನಲ್ಲಿ ರಕ್ತ ಅದಲು ಬದಲಾಯಿತೇ? ಇಲ್ಲ ಸ್ವಾಮಿ, ಖಜಾನೆ ಅದಲು ಬದಲಾಯಿತು.

ಈಗ ನನ್ನ ಪ್ರೀತಿಯ ವಿಷಯ, ಪೆದ್ದರ ಊರು. ಜರ್ಮನರಿಗೆ ಪೂರ್ವ ಫ್ರೀಸಿಯಾದವರು. ಬಲ್ಬು ಹಾಕಲು ಐದು ಜನ ಬೇಕು, ಒಬ್ಬ ಮೇಜಿನ ಮೇಲೆ ನಿಂತು ಬಲ್ಬು ಹಿಡಿಯಲು, ನಾಲ್ವರು ಮೇಜು ತಿರುಗಿಸಲು. ಇದು ಸನಾತನ ಜ್ಞಾನ ಅಂದುಕೊಳ್ಳಬೇಡಿ, 1960ರ ದಶಕದ ಕೊನೆಗೆ ಪಕ್ಕದ ವೆಸ್ಟರ್‌ಷ್ಟೇಡೆ ಊರಿನ ಶಾಲೆಯ ಹುಡುಗರ ಪತ್ರಿಕೆಯಲ್ಲಿ ಶುರುವಾದದ್ದು. ಅದಕ್ಕಿಂತ ಹಳಬರು ಶಿಲ್ಡಾ ಎಂಬ ಕಟ್ಟುಕಥೆಯ ಊರಿನವರು, 1598ರ ಪುಸ್ತಕದಲ್ಲಿ ಬಂದವರು. ಕಿಟಕಿಯಿಲ್ಲದ ಪುರಭವನ ಕಟ್ಟಿ, ಬಿಸಿಲನ್ನು ಗೋಣಿಚೀಲದಲ್ಲಿ ತುಂಬಿ ಒಳಗೆ ಸುರಿದವರು. ಆದರೆ ಕಥೆಯ ಶುರು ಮರೆಯುತ್ತೇವೆ. ಅವರು ಎಷ್ಟು ಬುದ್ಧಿವಂತರೆಂದರೆ ರಾಜರೆಲ್ಲ ಸಲಹೆಗೆ ಕರೆಸಿಕೊಳ್ಳುತ್ತಿದ್ದರು, ಊರು ಹಾಳುಬಿತ್ತು. ಮನೆಯಲ್ಲಿ ಉಳಿಯಲು ಪೆದ್ದರಂತೆ ನಟಿಸಿದರು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನ ಗೋಥಮ್ ಹಳ್ಳಿಯದೂ ಹಾಗೇ, ಜಾನ್ ದೊರೆಯ ಹೆದ್ದಾರಿ ಊರೊಳಗೆ ಬರದಿರಲಿ ಎಂದು ಹುಚ್ಚರಾದರು ಅಂತಾರೆ. ಗೋಥಮಿನ ಹನ್ನೆರಡು ಜನ ಮೀನು ಹಿಡಿಯಲು ಹೊಳೆಗೆ ಇಳಿದರು. ಮರಳುವಾಗ ಒಬ್ಬ ಎಣಿಸಿದ, ಹನ್ನೊಂದು. ಇನ್ನೊಬ್ಬ ಎಣಿಸಿದ, ಹನ್ನೊಂದು. ತನ್ನನ್ನು ಬಿಟ್ಟು ಎಣಿಸುತ್ತಿದ್ದಾರೆ. ಒಬ್ಬ ಮುಳುಗಿದನೆಂದು ದಡದಲ್ಲಿ ಕೂತು ಅಳು. ಕುದುರೆಯ ಮೇಲೆ ಬಂದ ಆಸ್ಥಾನಿಕನೊಬ್ಬ, ಹುಡುಕಿಕೊಟ್ಟರೆ ಏನು ಕೊಡುತ್ತೀರಿ ಅಂದ. ಇದ್ದ ದುಡ್ಡೆಲ್ಲ ಅಂದರು. ಒಬ್ಬೊಬ್ಬರ ಬೆನ್ನಿಗೂ ಚಾವಟಿಯಿಂದ ಒಂದೊಂದು ಬಿಟ್ಟು ಎಣಿಸಿದ. ಹನ್ನೆರಡನೆಯವನ ಬೆನ್ನಿಗೆ ಬಿದ್ದಾಗ ಎಲ್ಲರಿಗೂ ಆನಂದ, ಸಿಕ್ಕಿದ!

ನಗುತ್ತಿದ್ದೀರಿ, ಯಾಕೆಂದರೆ ಇದು ನಿಮಗೆ ಮೊದಲೇ ಗೊತ್ತು. ಪರಮಾನಂದ ಗುರುವಿನ ಶಿಷ್ಯರೂ ಹೀಗೇ ಎಣಿಸಿದರು. ಇಟಲಿಯಿಂದ ಬಂದ ಪಾದ್ರಿ ಬೆಸ್ಕಿ ಹದಿನೆಂಟನೇ ಶತಮಾನದಲ್ಲಿ ತಮಿಳಿನಲ್ಲಿ ಬರೆದ ಪರಮಾರ್ಥ ಗುರುವಿನ ಕಥೆಯಲ್ಲೂ ಇದಿದೆ. ಅದಕ್ಕೂ ಎಷ್ಟೋ ಹಿಂದೆ ಶೃಂಗೇರಿಯ ವಿದ್ಯಾರಣ್ಯರ 'ಪಂಚದಶಿ'ಯಲ್ಲಿ ಹೊಳೆ ದಾಟಿದ ಹತ್ತು ಜನ ಒಂಬತ್ತೇ ಎಣಿಸಿ ಅಳುತ್ತಾರೆ. ಅಲ್ಲಿ ದಾರಿಹೋಕ ಚಾವಟಿ ಎತ್ತುವುದಿಲ್ಲ, 'ಹತ್ತನೆಯವನು ನೀನೇ' ಅನ್ನುತ್ತಾನೆ. ಇಂಗ್ಲಿಷರಿಗೆ ಪಕ್ಕದ ಹಳ್ಳಿಯ ಪೆದ್ದುತನಕ್ಕೆ ಪುರಾವೆಯಾದ ಕಥೆ ನಮ್ಮ ಮಲೆನಾಡಿನಲ್ಲಿ ಆತ್ಮಜ್ಞಾನದ ಪಾಠ. ಕಥೆಗೆ ಊರಿಲ್ಲ ಅನ್ನಲು ಇನ್ನೇನು ಬೇಕು?

ಚೀಟಿ ಬಂತು. ಐದು ನಿಮಿಷ ಅಂತೆ. ಸ್ಪೇನು, ಡೆನ್ಮಾರ್ಕು ಬಿಡುತ್ತೇನೆ. ಹುಬ್ಬಳ್ಳಿ-ಮೈಸೂರು ಬಗ್ಗೆ ಬಾಯಿ ತೆರೆಯುವುದಿಲ್ಲ, ಊಟ ಮಾಡಿ ಹೋಗಬೇಕು.

ಹವೆಯ ಮಾತೊಂದನ್ನು ಹೇಳದೆ ಬಿಡಲಾರೆ. ಚಳಿ ನಾಡಿನವರು ಚುರುಕು, ಬಿಸಿಲಿನವರು ಸೋಮಾರಿ ಎಂಬ ವಾದವನ್ನು 1748ರಲ್ಲಿ ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂ ಶಾಸ್ತ್ರ ಮಾಡಿಬಿಟ್ಟ. ಆಧಾರ? ಕುರಿಯ ನಾಲಿಗೆಯನ್ನು ಹೆಪ್ಪುಗಟ್ಟಿಸಿ ನೋಡಿದ್ದ. ಆತ ಸ್ವತಃ ಬೋರ್ಡೋ ಕಡೆಯ ದಕ್ಷಿಣದವ! ಅದು ನಿಜವಾಗಿದ್ದರೆ ಫ್ರಾನ್ಸಿನ ಉತ್ತರ ತುದಿಯವರನ್ನು ಎಲ್ಲರೂ ಕೊಂಡಾಡಬೇಕಿತ್ತು. 2008ರಲ್ಲಿ ಎರಡು ಕೋಟಿ ಜನ ನೋಡಿದ ಒಂದು ಫ್ರೆಂಚ್ ಹಾಸ್ಯಚಿತ್ರದಲ್ಲಿ ಪ್ರೊವಾನ್ಸಿನ ಅಂಚೆ ಅಧಿಕಾರಿಗೆ ಉತ್ತರದ ಬೆರ್ಗ್ ಊರಿಗೆ ವರ್ಗವಾದದ್ದು ಶಿಕ್ಷೆಯಾಗಿ. ಆ ಉತ್ತರ ಸೀಮೆಯ ಗಣಿಗಳು ಮುಚ್ಚಿ ಹೋಗಿದ್ದವು. ಇಟಲಿಯವರು 2010ರಲ್ಲಿ ಅದನ್ನೇ ಮತ್ತೆ ತೆಗೆದಾಗ ದಿಕ್ಕು ತಿರುಗಿಸಬೇಕಾಯಿತು, ಮಿಲಾನ್ ಕಡೆಯವನು ನೇಪಲ್ಸಿನ ಆಚೆಗೆ. ದಿಕ್ಸೂಚಿ ಬೇಡ, ದುಡ್ಡು ಎಲ್ಲಿಲ್ಲ ನೋಡಿ ಸಾಕು.

ಇಟಲಿಯಲ್ಲಿ ನಗು ಎಲ್ಲಿ ನಿಲ್ಲುತ್ತದೆ ಎಂದೂ ಕಾಣುತ್ತದೆ. 1950-60ರ ದಶಕಗಳಲ್ಲಿ ಕಾರ್ಖಾನೆಗೆ ದುಡಿಯಲು ಬಂದವರು ಟ್ಯೂರಿನ್ನಿನಲ್ಲಿ ಓದಿದ ಬೋರ್ಡು: 'ದಕ್ಷಿಣದವರಿಗೆ ಮನೆ ಬಾಡಿಗೆಗಿಲ್ಲ.' ಕಾರು ಮಾಡಲು ಅವರ ಕೈ ಬೇಕು, ಪಕ್ಕದ ಮನೆಯಲ್ಲಿ ಅವರ ಅಡುಗೆ ವಾಸನೆ ಬೇಡ. ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ, ಈ ಊರಿನಲ್ಲಿ ಫೋನಿನಲ್ಲಿ ಹೆಸರು ಹೇಳಿದ ಕೂಡಲೇ ಮನೆ 'ಹೋಗಿಬಿಟ್ಟ'ದ್ದನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಉತ್ತರದ ಹೆಸರಿನ ಮೇಲೇ ಬೆಳೆದ ಅಲ್ಲಿಯ ಪಕ್ಷವೊಂದು 2018ರ ಚುನಾವಣೆಗೆ ದಕ್ಷಿಣದ ಓಟು ಬೇಕಾದಾಗ ಹೆಸರಿನಿಂದ 'ಉತ್ತರ'ವನ್ನು ಮೆಲ್ಲಗೆ ಕೈಬಿಟ್ಟಿತು. ಜೋಕು ದುಡ್ಡಿನ ಬೆನ್ನು ಹತ್ತುತ್ತದೆ ಅಂದೆ, ಓಟಿನ ಬೆನ್ನನ್ನೂ ಹತ್ತುತ್ತದೆ.

ಕಾರ್ಯದರ್ಶಿಗಳು ಎದ್ದು ನಿಂತರು, ಕೋಲು ಹಿಡಿದ ಮಕ್ಕಳೂ ಬಾಗಿಲಿಗೆ ಬಂದಿದ್ದಾರೆ. ಒಂದೇ ಒಂದು. ಟಸ್ಕನಿಯಲ್ಲಿ ಪೀಸಾದವರನ್ನು ಕಂಡರೆ ಸುತ್ತಲಿನ ಊರುಗಳಿಗೆ ಆಗದು, ಹಿಂದೆ ಕಂದಾಯ ವಸೂಲಿಗೆ ಬರುತ್ತಿದ್ದವರು ಅವರೇ ಅಂತ. ಲಿವೋರ್ನೋದವರ ಗಾದೆ: 'ಮನೆ ಬಾಗಿಲಲ್ಲಿ ಪೀಸಾದವನು ನಿಲ್ಲುವುದಕ್ಕಿಂತ ಮನೆಯೊಳಗೆ ಹೆಣ ಬಿದ್ದಿರುವುದೇ ಲೇಸು.' ಅದಕ್ಕೆ ಪೀಸಾದವರು ಕೊಡುವ ಉತ್ತರ: 'ದೇವರು ನಿಮ್ಮ ಆಸೆ ಈಡೇರಿಸಲಿ.'

ಪ್ರಶ್ನೆಗಳಿದ್ದರೆ ಊಟದ ಸಾಲಿನಲ್ಲಿ ಕೇಳಿ. ನಮಸ್ಕಾರ.